ಬಾಕಿ ಹಣ ಕೇಳುವ ಪತ್ರ ಬರೆಯುವುದು ಹೇಗೆ?

ಮೈಸೂರಿನ ಹೆಬ್ಬಾಳದ ಸಣ್ಣ ವರ್ಕ್‌ಶಾಪ್‌ಗಳವರು, ಮಂಡ್ಯದ ಆಲೆಮನೆಯವರು, ಹೀಗೆ ಮಾಲು ಕಳಿಸಿ ದುಡ್ಡಿಗೆ ಕಾಯುವ ಎಷ್ಟೋ ಜನರ ಪತ್ರ ಓದಿದ್ದೇನೆ. ಅರ್ಧ ಪುಟ ಮುಗಿದರೂ ಯಾವ ಬಿಲ್ಲು, ಎಷ್ಟು ಬಾಕಿ ಅಂತಲೇ ಗೊತ್ತಾಗುವುದಿಲ್ಲ. ಅಂಥ ಪತ್ರವನ್ನು ಅಕೌಂಟ್ಸ್‌ನವರು ಪಕ್ಕಕ್ಕಿಡುತ್ತಾರೆ.

ಲೆಟರ್‌ಹೆಡ್, ದಿನಾಂಕ, ಇವರಿಂದ, ಇವರಿಗೆ. ಇಷ್ಟು ಎಲ್ಲರಿಗೂ ಬರುತ್ತದೆ.

ಎಡವುವುದು ವಿಷಯದ ಸಾಲಿನಲ್ಲಿ. ‘ವಿಷಯ: ಹಣದ ಬಗ್ಗೆ’ ಅಂದರೆ ಏನು ತಿಳಿಯುತ್ತದೆ? ಹೀಗೆ ಬರೆಯಿರಿ: ‘ವಿಷಯ: ಬಿಲ್ ಸಂಖ್ಯೆ 118ರ ಬಾಕಿ 45,600 ರೂಪಾಯಿ ಪಾವತಿ ಕುರಿತು.’ ಕೆಳಗೆ ಉಲ್ಲೇಖ ಅಂತ ಹಾಕಿ ಅವರ ಪರ್ಚೇಸ್ ಆರ್ಡರ್ ಸಂಖ್ಯೆ, ತಾರೀಖು, ನಿಮ್ಮ ಡೆಲಿವರಿ ಚಲನ್ ಸಂಖ್ಯೆ ಕೊಡಿ. ಅಲ್ಲಿನ ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕುವುದು ಈ ನಂಬರುಗಳನ್ನೇ.

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಖಂಡಿತ ಬೇಡ. ನೇರವಾಗಿ ಹೇಳಿ: ‘ಮಾಲು 3ನೇ ತಾರೀಖು ನಿಮ್ಮ ಗೋದಾಮಿಗೆ ತಲುಪಿದೆ, ಚಲನ್ ಮೇಲೆ ನಿಮ್ಮವರ ಸಹಿ ಇದೆ. ಬಾಕಿ ಹಣವನ್ನು ಇದೇ 25ರೊಳಗೆ ಕೆಳಗಿನ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ.’ ‘ಆದಷ್ಟು ಬೇಗ’ ಅಂತ ಬರೆದರೆ ಯಾರೂ ಬೇಗ ಕೊಡುವುದಿಲ್ಲ, ತಾರೀಖು ಹಾಕಲೇಬೇಕು. ಮಗಳ ಫೀಸು, ಮನೆ ಕಷ್ಟ ಬರೆಯಬೇಡಿ. ನೀವು ಕೇಳುತ್ತಿರುವುದು ನಿಮ್ಮದೇ ದುಡ್ಡು, ಅಲ್ವಾ? ಕೋಪ ಎಷ್ಟೇ ಇರಲಿ, ಬೈಗುಳವೂ ಬೇಡ. ಮುಂದೆ ಕೇಸಾದರೆ ಇದೇ ಪತ್ರ ಎದುರಿಗೆ ಬರುತ್ತದೆ.

ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದಲ್ಲಿ ಮಾಡಿಸುವ ಸಣ್ಣ ಉದ್ಯಮದ ನೋಂದಣಿ) ಇರುವ ಸಣ್ಣ ತಯಾರಕರಿಗೆ ಇನ್ನೊಂದು ಬಲ ಇದೆ. 2006ರ ಎಂಎಸ್‌ಎಂಇ, ಅಂದರೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ, ಏನೇ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಇದನ್ನು ಮೊದಲ ಪತ್ರದಲ್ಲಿ ಹಾಕಬೇಡಿ, ಎರಡನೆಯದಕ್ಕೆ ಇಟ್ಟುಕೊಳ್ಳಿ. ಸಂಬಂಧ ಸುಮ್ನೆ ಕೆಡುವುದು ಯಾಕೆ?

ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಮಾದರಿ ಪತ್ರಗಳ ಪುಸ್ತಕ ನಂಬಬೇಡಿ, ಅದರ ತುಂಬ ಆ ‘ವಿನಂತಿಸಿಕೊಳ್ಳುವುದೇನೆಂದರೆ’ಯೇ ಜಾಸ್ತಿ. ಇಮೇಲ್ ಮಾಡುವುದಾದರೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಪಿಡಿಎಫ್ ಕಳಿಸಿ. ಹಳೇ ನುಡಿ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಗೊಂದಲದ ಅಕ್ಷರಗಳಾಗಿ ಕಾಣುತ್ತದೆ.

ಸಹಿ, ಸೀಲು, ಅಡಕದಲ್ಲಿ ಬಿಲ್ ಮತ್ತು ಚಲನ್ ಪ್ರತಿ. ಎರಡನೇ ಪತ್ರವನ್ನಂತೂ ಅಂಚೆಯಲ್ಲೇ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿರುವುದರಿಂದ ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಅಂತಲೇ ಕೇಳಿ, ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿಡಿ.