ಪಲ್ಲವಿ ಆದಿ, ಚರಣ ಮಿಶ್ರ ಛಾಪು: ಒಂದೇ ಹಾಡಿನಲ್ಲಿ ತಾಳ ಬದಲಿಸಿದ ಬಗೆ

ಗೆಳೆಯನೊಬ್ಬ ರಾಗ ಹಾಕಿದ ಹಾಡು. ಪಲ್ಲವಿ ಎಂಟು ಎಣಿಕೆಯ ಆದಿ ತಾಳ, ಚರಣ ಏಳು ಎಣಿಕೆಯ ಮಿಶ್ರ ಛಾಪು, ಆಮೇಲೆ ಮತ್ತೆ ಆದಿ. ಚರಣ ಸ್ವಲ್ಪ ಚುರುಕಾಗಬೇಕು ಅಂತಲೂ ಅವನ ಆಸೆ. ಎಲ್ಲರೂ ಒಟ್ಟಿಗೆ ಕೂತು ಹಾಡುವುದಾದರೆ ಕ್ಲಿಕ್ (ಎಣಿಕೆ ತೋರಿಸುವ ಟಿಕ್ ಟಿಕ್ ಸದ್ದು) ಬೇಕಿಲ್ಲ. ಆದರೆ ಕೀಬೋರ್ಡ್, ಮೃದಂಗ, ದನಿ ಬೇರೆ ಬೇರೆ ದಿನ ರೆಕಾರ್ಡ್ ಆಗುವಾಗ ಎಲ್ಲರಿಗೂ ಒಂದೇ ಲೆಕ್ಕ ಬೇಕಲ್ವಾ? ಹಾಗಾಗಿ ರೆಕಾರ್ಡಿಂಗಿಗೆ ಮೊದಲೇ ತಾಳವನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಂಡೆ.

ನಾನು ಬಳಸುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಆದಿಯ ಒಂದು ಆವರ್ತ (ತಾಳದ ಒಂದು ಪೂರ್ತಿ ಸುತ್ತು) ಎಂದರೆ 4/4ರ, ಅಂದರೆ ನಾಲ್ಕು ನಾಲ್ಕು ಎಣಿಕೆಯ, ಎರಡು ಬಾರ್. ಪಲ್ಲವಿಗೆ 90 ಬಿಪಿಎಂ (ನಿಮಿಷಕ್ಕೆ 90 ಎಣಿಕೆ) ಇಟ್ಟೆ. ಚರಣದ ಬಾರ್‌ಗೆ ಕರ್ಸರ್ ತಂದು ಶಿಫ್ಟ್ ಜೊತೆ ಸಿ ಒತ್ತಿದರೆ ಟೆಂಪೋ ಮಾರ್ಕರಿನ (ವೇಗ, ತಾಳ ಬದಲಾಗುವ ಜಾಗದ ಗುರುತಿನ) ಕಿಟಕಿ ತೆರೆಯುತ್ತದೆ. ಅಲ್ಲಿ 96 ಮತ್ತು 7/8 ತುಂಬಿದೆ. ಟೈಮ್ ಸಿಗ್ನೇಚರ್ (4/4, 7/8 ಇಂಥ ಲೆಕ್ಕ) ಪಕ್ಕದ ಚೌಕಕ್ಕೆ ಟಿಕ್ ಹಾಕಬೇಕು, ಇಲ್ಲದಿದ್ದರೆ ವೇಗ ಮಾತ್ರ ಬದಲಾಗುತ್ತದೆ. ಪಲ್ಲವಿಯ ಕೊನೆಯ ಎರಡು ಬಾರ್‌ಗೆ ಮೊದಲು ಇನ್ನೊಂದು ಮಾರ್ಕರ್ ಇಟ್ಟು, ವೇಗ ನಿಧಾನವಾಗಿ ಏರುವ ಆಯ್ಕೆ ಕೊಟ್ಟೆ. 90ರಿಂದ 96ಕ್ಕೆ ಏರಿದ್ದು ಕಿವಿಗೆ ಗೊತ್ತೇ ಆಗಲಿಲ್ಲ.

ಮಾರ್ಕರ್ ಎಲ್ಲಿಡಬೇಕು ಅನ್ನುವುದೇ ಮುಖ್ಯ. ಈ ಚರಣದ ಎಡುಪು (ಹಾಡು ಶುರುವಾಗುವ ಜಾಗ) ಸಮದ, ಅಂದರೆ ಆವರ್ತದ ಮೊದಲ ಎಣಿಕೆಯ ಮೇಲಿಲ್ಲ, ಒಂದು ಎಣಿಕೆ ಬಿಟ್ಟು ಮಾತು ಶುರುವಾಗುತ್ತದೆ. ಮಾತು ಎಲ್ಲಿ ಶುರುವಾಗುತ್ತದೋ ಅಲ್ಲಿ ಮಾರ್ಕರ್ ಇಟ್ಟರೆ ಇಡೀ ಚರಣ ಒಂದು ಎಣಿಕೆ ಜರುಗುತ್ತದೆ. ಮೃದಂಗದವರಿಗೆ ಸಮವೇ ಸಿಗುವುದಿಲ್ಲ. ಕೈಯಲ್ಲಿ ತಾಳ ಹಾಕಿ ಹಾಡಿಕೊಂಡು, ಸಮ ಬಿದ್ದ ಜಾಗದಲ್ಲೇ ಮಾರ್ಕರ್ ಇಟ್ಟೆ.

7/8ಕ್ಕೆ ಬಂದಾಗ ಕ್ಲಿಕ್ ದುಪ್ಪಟ್ಟು ವೇಗದಲ್ಲಿ ಬಡಿದ ಹಾಗೆ ಕೇಳುತ್ತದೆ. ಗಾಬರಿ ಬೇಡ. ಬಿಪಿಎಂ ಲೆಕ್ಕ ಕ್ವಾರ್ಟರ್ ನೋಟಿನದು (4/4ರ ಒಂದು ಎಣಿಕೆ), 7/8ರಲ್ಲಿ ಕ್ಲಿಕ್ ಬಡಿಯುವುದು ಅದರ ಅರ್ಧ ಕಾಲಕ್ಕೊಮ್ಮೆ. ಆದರೆ ಸಮ ಬಿಟ್ಟರೆ ಉಳಿದ ಆರೂ ಒಂದೇ ತೂಕದಲ್ಲಿ ಬಡಿದರೆ ಹಾಡುವವರಿಗೆ ಛಾಪಿನ ನಡೆ ಸಿಗದು. ಅದಕ್ಕೆ ಚರಣದ ಉದ್ದಕ್ಕೂ ಒಂದು ಮಿಡಿ ಟ್ರ್ಯಾಕ್ (ಸದ್ದಿನ ಬದಲು ನುಡಿಸುವ ಸೂಚನೆಗಳಿರುವ ಟ್ರ್ಯಾಕ್) ಮಾಡಿ 1, 4, 6ನೇ ಎಣಿಕೆಗೆ ಮಾತ್ರ ಪೆಟ್ಟು ಇಟ್ಟೆ. ತಕಿಟ ತಕಧಿಮಿ ತಾನಾಗಿ ಕೇಳತೊಡಗಿತು. ಗಾಯಕಿ ಕ್ಲಿಕ್ ಪೂರ್ತಿ ತೆಗೆಸಿ ಅದನ್ನೇ ಹೆಡ್‌ಫೋನಿನಲ್ಲಿ ಹಾಕಿಸಿಕೊಂಡರು.

ಆದಿಗೆ ಮರಳುವಾಗ ನಾನು ವೇಗವನ್ನು ಮೆಲ್ಲಗೆ ಇಳಿಸಲಿಲ್ಲ. ಆ ಕೆಲಸ ಮೃದಂಗದ ತೀರ್ಮಾನದ್ದು, ಅಂದರೆ ಮೂರು ಸಲ ನುಡಿಸಿ ಮುಗಿಸುವ ಮುಕ್ತಾಯದ್ದು. ಕೊನೆಯ ಎರಡು ಆವರ್ತ ಸೇರಿದರೆ 14 ಎಣಿಕೆ: ತಕಧಿಮಿ ಮೂರು ಸಲ, ನಡುವೆ ಒಂದೊಂದು ಬಿಡುವು. 4+1+4+1+4. ಮುಂದಿನ ಪೆಟ್ಟು ಪಲ್ಲವಿಯ ಸಮಕ್ಕೇ ಬೀಳುತ್ತದೆ. ಅಲ್ಲೇ 4/4, 90ರ ಮಾರ್ಕರ್.

ದನಿ ರೆಕಾರ್ಡ್ ಆದ ಮೇಲೆ ವೇಗ ಮುಟ್ಟಬೇಕಾಗಿ ಬಂದರೆ, ಮೊದಲು ಆ ಟ್ರ್ಯಾಕಿನ ಟೈಮ್‌ಬೇಸನ್ನು (ಟ್ರ್ಯಾಕ್ ತಾಳಕ್ಕೆ ಅಂಟಿಕೊಳ್ಳಬೇಕೋ ಗಡಿಯಾರದ ಕಾಲಕ್ಕೋ ಅನ್ನುವ ಆಯ್ಕೆ) ಬೀಟ್ಸ್‌ನಿಂದ ಟೈಮ್‌ಗೆ ಬದಲಿಸಿ. ಇಲ್ಲದಿದ್ದರೆ ಹಾಡಿದ್ದು ಹಿಗ್ಗುತ್ತದೆ, ಕುಗ್ಗುತ್ತದೆ. ಟೆಂಪೋಗೆ ಕಟ್ಟಿದ ಡಿಲೇ (ಸದ್ದನ್ನು ಸ್ವಲ್ಪ ತಡವಾಗಿ ಮತ್ತೆ ಕೇಳಿಸುವ ಎಫೆಕ್ಟ್) ಕೂಡ ವೇಗ ಬದಲಾಗುವ ಕಡೆ ವಿಚಿತ್ರ ಸದ್ದು ಮಾಡಬಹುದು. ನಾನು ಪಲ್ಲವಿಗೆ 333, ಚರಣಕ್ಕೆ 312 ಮಿಲಿಸೆಕೆಂಡಿನ ಎರಡು ಬೇರೆ ಡಿಲೇ ಇಟ್ಟೆ.

ಮಿಕ್ಸಿಂಗ್ ಮಾಡುವವರು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರು. ಎಲ್ಲ ಟ್ರ್ಯಾಕನ್ನೂ ಸೊನ್ನೆಯಿಂದಲೇ ಶುರುವಾಗುವಂತೆ ತೆಗೆದು, ಟೆಂಪೋ ಬದಲಾವಣೆಗಳಿರುವ ಮಿಡಿ ಫೈಲ್ ಜೊತೆಗೆ ಕಳಿಸಿದೆ. ಅವರ ಕಡೆಯೂ ಬಾರ್‌ಗಳು ಸರಿಯಾಗಿ ಕೂತವು.