ಹಿಸ್ಪಾನಿಕ್ ಓಟು ಯಾಕೆ ಅತ್ತಿತ್ತ ಆಡುತ್ತದೆ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಚುನಾವಣೆ ಹತ್ತಿರ ಬಂತು ಅಂದರೆ ಕನ್ನಡ ಕೂಟದ ಪಿಕ್ನಿಕ್‌ನಲ್ಲಿ ಹಿಸ್ಪಾನಿಕ್ ಜನರ, ಅಂದರೆ ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರ, ಬಗ್ಗೆ ಒಂದೇ ಮಾತು: "ಹಿಸ್ಪಾನಿಕ್ ಜನ ವಲಸೆ ಬಂದವರು. ವಲಸಿಗರ ಪರ ಇರೋ ಡೆಮಾಕ್ರಟ್‌ಗೇ ಓಟು ಹಾಕ್ತಾರೆ, ಬಿಡಿ." ಹೊಸದಾಗಿ ಬಂದ ಹುಡುಗರು ಇದನ್ನು ಆಫೀಸಿನಲ್ಲೂ ಹೇಳುತ್ತಾರೆ, ಅದೂ ಹಿಸ್ಪಾನಿಕ್ ಸಹೋದ್ಯೋಗಿಯ ಎದುರಿಗೇ. ಎರಡು ಪಾರ್ಟಿಗಳ ಪರಿಚಯ ಇಲ್ಲಿ ಮಾಡಿಕೊಡುವುದಿಲ್ಲ, ಅದು ನಿಮಗೆ ಗೊತ್ತಿದೆ. ವಲಸೆ ಕಾನೂನು ಈ ಓಟನ್ನು ಹೇಗೆ ಎಳೆದಾಡಿದೆ, ಅದೇ ಕಾನೂನು ನಮ್ಮವರನ್ನು ಎಲ್ಲಿ ಸಿಕ್ಕಿಸುತ್ತದೆ, ಇವೆರಡನ್ನೇ ಹೇಳುತ್ತೇನೆ.

ಹಿಸ್ಪಾನಿಕ್ ಅನ್ನುವುದು ಒಂದು ಸಮುದಾಯ ಅಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು, ಅವರಿಗೆ ವೀಸಾದ ಗೊಡವೆಯೇ ಇಲ್ಲ. ಕ್ಯೂಬಾದವರಿಗೆ 1966ರಲ್ಲಿ ವಿಶೇಷ ಕಾನೂನೇ ಬಂತು, ಬೇರೆಯವರು ದಶಕಗಟ್ಟಲೆ ಕಾಯುವ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಅವರಿಗೆ ಬೇಗ ಸಿಗುತ್ತಿತ್ತು. ಕಮ್ಯುನಿಸ್ಟ್ ಸರ್ಕಾರ ಬಿಟ್ಟು ಓಡಿ ಬಂದ ಮಯಾಮಿಯ ಆ ಜನ ಹೆಚ್ಚಾಗಿ ರಿಪಬ್ಲಿಕನ್. ಇನ್ನು ದಕ್ಷಿಣ ಟೆಕ್ಸಾಸ್‌ನ ಎಷ್ಟೋ ಮನೆತನಗಳು 1848ಕ್ಕೂ ಮುಂಚಿನಿಂದ ಅಲ್ಲೇ ಇವೆ. ಯುದ್ಧದಲ್ಲಿ ಮೆಕ್ಸಿಕೊ ಸೋತು ಗಡಿ ದಕ್ಷಿಣಕ್ಕೆ ಸರಿಯಿತು, ಇವರು ಇದ್ದಲ್ಲೇ ಇದ್ದರು. ಅವರನ್ನು "ನೀವು ಯಾವಾಗ ಬಂದಿರಿ?" ಅಂತ ಕೇಳಿದರೆ ಸಿಟ್ಟು ಬರದೇ ಇರುತ್ತದಾ?

ಓಟಿನ ಕಥೆ ಕ್ಯಾಲಿಫೋರ್ನಿಯಾದಲ್ಲಿ ಚೆನ್ನಾಗಿ ಕಾಣುತ್ತದೆ. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನಿಂದ ದೇಶದಲ್ಲಿ ಸುಮಾರು 27 ಲಕ್ಷ ಜನರಿಗೆ ಕಾನೂನುಬದ್ಧವಾಗಿ ಇರಲು ಕಾಗದಪತ್ರ ಸಿಕ್ಕಿತು. ಸಹಿ ಹಾಕಿದ್ದು ರಿಪಬ್ಲಿಕನ್ ಅಧ್ಯಕ್ಷ, ನೆನಪಿಡಿ. ಎಂಟು ವರ್ಷಕ್ಕೆ ಅದೇ ಪಾರ್ಟಿಯ ಗವರ್ನರ್ ಪೀಟ್ ವಿಲ್ಸನ್ ಮರುಆಯ್ಕೆಗೆ ನಿಂತಾಗ ಪ್ರೊಪೊಸಿಷನ್ 187 ಬೆನ್ನಿಗೆ ನಿಂತರು. ಕಾಗದಪತ್ರ ಇಲ್ಲದವರಿಗೆ ತುರ್ತು ಚಿಕಿತ್ಸೆ ಬಿಟ್ಟರೆ ಸರ್ಕಾರಿ ಆಸ್ಪತ್ರೆ ಸೌಲಭ್ಯ ಇಲ್ಲ, ಅವರ ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ ಅನ್ನುವ ಪ್ರಸ್ತಾಪ ಅದು. 1994ರಲ್ಲಿ ಜನಮತದಲ್ಲಿ ಗೆದ್ದಿತು, ಕೋರ್ಟು ತಡೆಯಿತು. 1996ರಲ್ಲಿ ಕೇಂದ್ರದ ಕಾನೂನು ಬಂದು ಗ್ರೀನ್ ಕಾರ್ಡ್ ಇದ್ದವರ ಕೆಲವು ಸರ್ಕಾರಿ ನೆರವಿಗೂ ಕತ್ತರಿ ಬಿತ್ತು.

ನನ್ನ ಪ್ರಕಾರ ತಿರುವು ಬಂದದ್ದು ಅಲ್ಲಿ. ಕಾಗದಪತ್ರ ಇಲ್ಲದವರಿಗೆ ಓಟು ಇಲ್ಲ, ಅವರನ್ನು ಎಷ್ಟು ಬೈದರೂ ಪಾರ್ಟಿಗೆ ನಷ್ಟ ಇಲ್ಲ. ಆದರೆ ಕಾಗದಪತ್ರ ಇದ್ದವರಿಗೂ ಬಿಸಿ ತಟ್ಟಿದಾಗ, ವರ್ಷಗಟ್ಟಲೆ ಗ್ರೀನ್ ಕಾರ್ಡಿನಲ್ಲೇ ಇದ್ದವರು ಸಿಟಿಜನ್‌ಶಿಪ್‌ಗೆ ಸಾಲುಗಟ್ಟಿ ನಿಂತರು. ಪ್ರಜೆಗಳಾಗಿ ಓಟು ಹಾಕಿದರು. 1996ರ ಆ ಕಾನೂನಿಗೆ ಸಹಿ ಹಾಕಿದ್ದು ಡೆಮಾಕ್ರಟ್ ಕ್ಲಿಂಟನ್ ಆದರೂ ಸಿಟ್ಟು ಬಿದ್ದದ್ದು ರಿಪಬ್ಲಿಕನ್ನರ ಮೇಲೆ. ಕ್ಯಾಲಿಫೋರ್ನಿಯಾ ತಿರುಗಿದ್ದಕ್ಕೆ ಇದೊಂದೇ ಕಾರಣ ಅನ್ನುವಂತಿಲ್ಲ, 1992ರಲ್ಲೇ ಅಲ್ಲಿ ಕ್ಲಿಂಟನ್ ಗೆದ್ದಿದ್ದರು. ಆದರೂ 1988ರ ನಂತರ ಒಬ್ಬ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿಯೂ ಆ ರಾಜ್ಯ ಗೆದ್ದಿಲ್ಲ.

ಈಗ ನಮ್ಮವರು ಬೀಳುವ ಗುಂಡಿಗೆ ಬರುತ್ತೇನೆ. ನಿಧಾನವಾಗಿ ಓದಿ.

1996ರ ಸೆಪ್ಟೆಂಬರ್ 30ಕ್ಕೆ ಇನ್ನೊಂದು ವಲಸೆ ಕಾನೂನು ಬಂತು. ಪ್ರಜೆಯಲ್ಲದವರು ಯಾವುದಾದರೂ ಅನುಕೂಲಕ್ಕೆ "ನಾನು ಅಮೆರಿಕದ ಪ್ರಜೆ" ಅಂತ ಹೇಳಿಕೊಂಡರೆ ಗಡೀಪಾರು ಮಾಡಬಹುದು. ಮುಂದೆ ಗ್ರೀನ್ ಕಾರ್ಡ್ ಸಿಗುವ ದಾರಿಯೂ ಹೆಚ್ಚುಕಡಿಮೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಮತದಾರರ ಪಟ್ಟಿಗೆ ಸೇರಲು ಹಾಕುವ ಸಹಿಯೂ ಇದರಲ್ಲೇ ಬರುತ್ತದೆ. 1993ರ ಕಾನೂನಿನಿಂದಾಗಿ ಹೆಚ್ಚಿನ ರಾಜ್ಯಗಳಲ್ಲಿ ಓಟಿನ ನೋಂದಣಿ ನಡೆಯುವುದು ಎಲ್ಲಿ? ಡ್ರೈವಿಂಗ್ ಲೈಸೆನ್ಸ್ ಕೊಡುವ ಆಫೀಸಿನಲ್ಲಿ.

ನಮ್ಮ ಕೂಟದ ಒಬ್ಬರು ಗ್ರೀನ್ ಕಾರ್ಡ್ ಬಂದ ಮೇಲೆ ಲೈಸೆನ್ಸ್ ರಿನ್ಯೂ ಮಾಡಿಸಲು ಹೋದರು. ಸ್ಕ್ರೀನಿನ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ವಿಳಾಸ ಸರಿ ಇದೆಯಾ? ಹೌದು. ಅಂಗಾಂಗ ದಾನ ಮಾಡ್ತೀರಾ? ಹೌದು. ಓಟಿಗೆ ಹೆಸರು ಸೇರಿಸಬೇಕಾ? ಹೌದು. ಹಿಂದೆ ಉದ್ದ ಸಾಲು, ಕೌಂಟರಿನಲ್ಲಿ ಅವಸರ. ಪ್ರಜೆಯೇ ಅಂತ ಕೇಳಿದ ಸಣ್ಣಕ್ಷರದ ಸಾಲಿನ ಕೆಳಗೆ ಸಹಿ ಬಿತ್ತು. ಆಮೇಲೆ ಟಪಾಲಿನಲ್ಲಿ ವೋಟರ್ ಕಾರ್ಡ್ ಬಂತು. ಊರಿನಲ್ಲಿ ವೋಟರ್ ಐಡಿ ಅಂದರೆ ಸಿಮ್ ಕಾರ್ಡಿನಿಂದ ಬ್ಯಾಂಕಿನವರೆಗೆ ನಡೆಯುತ್ತದಲ್ಲ, ಇದೂ ಹಾಗೇ ಅಂದುಕೊಂಡು ಪರ್ಸಿನಲ್ಲಿ ಇಟ್ಟುಕೊಂಡರು. ಒಂದು ಸಲವೂ ಓಟು ಹಾಕಲಿಲ್ಲ.

ಸಿಟಿಜನ್‌ಶಿಪ್‌ಗೆ ತುಂಬುವ ಎನ್-400 ಫಾರ್ಮಿನಲ್ಲಿ ನೇರ ಪ್ರಶ್ನೆ ಇದೆ: ಅಮೆರಿಕದಲ್ಲಿ ಎಂದಾದರೂ ಓಟಿಗೆ ಹೆಸರು ನೋಂದಾಯಿಸಿದ್ದೀರಾ? ಸಂದರ್ಶನದಲ್ಲಿ ಅಧಿಕಾರಿ ಅದನ್ನೇ ಕೇಳಿದರು, ಇವರು ನಿಜ ಹೇಳಿದರು. ಫೈಲು ಅಲ್ಲೇ ನಿಂತಿತು. ಸಹಿ ಹಾಕಿದ ಫಾರ್ಮಿನ ಪ್ರತಿ ತನ್ನಿ, ಓಟು ಹಾಕಿಲ್ಲ ಅಂತ ಕೌಂಟಿಯಿಂದ (ನಮ್ಮ ಜಿಲ್ಲೆಯ ಹಾಗೆ) ದಾಖಲೆ ತನ್ನಿ ಅಂತ ಶುರುವಾಯಿತು. ವಕೀಲರಿಗೆ ಸಾವಿರಾರು ಡಾಲರ್ ಹೋಯಿತು. ಅದಕ್ಕಿಂತ ಜಾಸ್ತಿ ನೋವು ಏನು ಗೊತ್ತಾ? ಊರಿನಲ್ಲಿ ತಂದೆಗೆ ಹುಷಾರಿರಲಿಲ್ಲ, "ಈಗ ದೇಶ ಬಿಟ್ಟರೆ ವಾಪಸ್ ಬರುವಾಗ ತೊಂದರೆ ಆಗಬಹುದು" ಅಂತ ವಕೀಲರು ತಡೆದರು. ಇವರ ನಂತರವೂ ಇದೇ ಗುಂಡಿಗೆ ಬಿದ್ದವರನ್ನು ನೋಡಿದ್ದೇನೆ. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿರುವುದು.

ಹಾಗಾಗಿ ಎಚ್-1ಬಿ ಕೆಲಸದ ವೀಸಾ ಆಗಲಿ, ಗ್ರೀನ್ ಕಾರ್ಡ್ ಆಗಲಿ, ಓಟಿನ ಪ್ರಶ್ನೆಗೆ ಉತ್ತರ "ಬೇಡ". ಸಹಿ ಹಾಕುವ ಮುಂಚೆ ಪ್ರಿಂಟ್ ಕೇಳಿ, ಓದಿ. ಅಂಗಡಿ ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ನಿಂತವರಿಗೆ "ನಾನು ಪ್ರಜೆ ಅಲ್ಲ" ಅಂತ ಹೇಳಿ, ನಾಚಿಕೆ ಬೇಡ. ಕೋರ್ಟಿನಲ್ಲಿ ಜ್ಯೂರಿಯಾಗಿ ಕೂರಲು ಕರೆಯುವ ನೋಟಿಸ್ ಬಂದರೆ ಎಸೆಯಬೇಡಿ, ಪ್ರಜೆ ಅಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸಿ. ಪಟ್ಟಿಯಲ್ಲಿ ಹೆಸರು ಈಗಾಗಲೇ ಇದ್ದರೆ ಓಟು ಮಾತ್ರ ಹಾಕಲೇಬೇಡಿ. ಎನ್-400 ಕಳಿಸುವ ಮೊದಲು ವಲಸೆ ವಕೀಲರನ್ನು ನೋಡಿ, ಹೆಸರು ತೆಗೆಸುವುದನ್ನೂ ಅವರ ಸಲಹೆಯಂತೆ ಬರವಣಿಗೆಯಲ್ಲೇ ಮಾಡಿ. ಮುಚ್ಚಿಡಬೇಡಿ, ಸುಳ್ಳು ಹೇಳಿದರೆ ಇನ್ನೊಂದು ಕೇಸು. ಚುನಾವಣಾ ದೇಣಿಗೆಯೂ ಹಾಗೇ: ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದವರು ಒಂದು ಡಾಲರೂ ಕೊಡುವಂತಿಲ್ಲ.

ಈ ವಿಷಯದಲ್ಲಿ ನಮ್ಮ ಊರಿನ ವ್ಯವಸ್ಥೆಯೇ ಮೇಲು ಅಂತ ನನ್ನ ಖಚಿತ ಅಭಿಪ್ರಾಯ. ಅಲ್ಲಿ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಎಷ್ಟೋ ಕಡೆ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಟೀಚರು, ಮನೆಗೆ ಬಂದು ವಿಚಾರಿಸುತ್ತಾರೆ. ಇಲ್ಲಿ ಒಂದು ಗುರುತು, ಒಂದು ಸಹಿ, ಭಾರವೆಲ್ಲ ನಿಮ್ಮ ತಲೆ ಮೇಲೆ.

ಮತ್ತೆ ಓಟಿನ ಮಾತಿಗೆ. ಕ್ಯಾಲಿಫೋರ್ನಿಯಾ ನೋಡಿ "ವಲಸೆ ಬಗ್ಗೆ ಬಿಗಿ ಮಾಡಿದರೆ ಹಿಸ್ಪಾನಿಕ್ ಓಟು ಹೋಯಿತು" ಅಂತ ಎಲ್ಲರೂ ತೀರ್ಮಾನಿಸಿದರು. 2004ರಲ್ಲಿ ಬುಷ್‌ಗೆ ಈ ಓಟಿನ ಶೇ. 40ರ ಆಸುಪಾಸು ಬಂದಿತ್ತು, "ತಾವಾಗೇ ದೇಶ ಬಿಟ್ಟು ಹೋಗುವಂತೆ ಮಾಡಬೇಕು" ಅಂದ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿಗೆ 2012ರಲ್ಲಿ ಶೇ. 27. ಲೆಕ್ಕ ಸರಿಯಾಗಿಯೇ ಕಂಡಿತು. ಆಮೇಲೆ ಟ್ರಂಪ್ ಬಂದರು. ಸಮೀಕ್ಷೆ ನಡೆಸುವ ಪ್ಯೂ ಸಂಸ್ಥೆಯ ಅಧ್ಯಯನದ ಪ್ರಕಾರ ಅವರಿಗೆ ಈ ಓಟು 2016ರಲ್ಲಿ ಶೇ. 28, 2020ರಲ್ಲಿ 36, 2024ರಲ್ಲಿ 48.

ನಮ್ಮ ಪಕ್ಕದ ಮನೆಯಾಕೆ ಸ್ಕೂಲ್ ಬಸ್ ಓಡಿಸುತ್ತಾರೆ, ಹುಟ್ಟೂರು ದಕ್ಷಿಣ ಟೆಕ್ಸಾಸಿನಲ್ಲಿ ಮೆಕ್ಸಿಕೊ ಗಡಿಗೆ ಅಂಟಿಕೊಂಡ ಸ್ಟಾರ್ ಕೌಂಟಿ. ಆಕೆಯ ತಮ್ಮ ಬಾರ್ಡರ್ ಪ್ಯಾಟ್ರೋಲಿನಲ್ಲಿ, ಅಂದರೆ ಗಡಿ ಕಾವಲು ಪಡೆಯಲ್ಲಿ, ಕೆಲಸ ಮಾಡುತ್ತಾನೆ. ಆ ಕಡೆ ಪಿಂಚಣಿ ಇರುವ ಗಟ್ಟಿ ಸರ್ಕಾರಿ ಕೆಲಸ ಅಂದರೆ ಅದೇ. ಇನ್ನೊಬ್ಬ ತಮ್ಮನ ಹೆಂಡತಿ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾಳೆ, ಕಾಗದಪತ್ರ ಇಲ್ಲ. "ನಿನ್ನೆ ಬಂದವರಿಗೆ ವರ್ಕ್ ಪರ್ಮಿಟ್, ಇವಳಿಗೆ ಏನೂ ಇಲ್ಲ" ಅಂತ ಬೇಲಿ ಪಕ್ಕ ನಿಂತು ಹೇಳುವಾಗ ಆಕೆಯ ದನಿ ನಡುಗುತ್ತಿತ್ತು. ಇಂಥ ಗಂಡ-ಹೆಂಡತಿಯರಿಗಾಗಿ ಬೈಡನ್ 2024ರ ಜೂನ್‌ನಲ್ಲಿ ಒಂದು ಯೋಜನೆ ತಂದರು, ಕೋರ್ಟಿನಲ್ಲಿ ಅದು ಬಿದ್ದುಹೋಯಿತು. ದಿನಸಿ, ಬಾಡಿಗೆ, ಪೆಟ್ರೋಲಿನ ಬೆಲೆ ಬೇರೆ ಏರಿತ್ತು. ಬಹಳ ಜನರಿಗೆ ಅದೇ ಮೊದಲ ವಿಷಯ. ಶೇ. 95ಕ್ಕಿಂತ ಜಾಸ್ತಿ ಹಿಸ್ಪಾನಿಕ್ ಜನ ಇರುವ ಸ್ಟಾರ್ ಕೌಂಟಿ 2016ರಲ್ಲಿ ಹಿಲರಿ ಕ್ಲಿಂಟನ್‌ಗೆ ಶೇ. 79 ಓಟು ಕೊಟ್ಟಿತ್ತು. 2024ರಲ್ಲಿ ಟ್ರಂಪ್ ಗೆದ್ದರು. 1892ರ ನಂತರ ಅಲ್ಲಿ ಗೆದ್ದ ಮೊದಲ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಅವರು.

ಇದು ಅಲ್ಲಿಗೇ ನಿಲ್ಲಲಿಲ್ಲ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಕಾರ್ ವಾಶ್‌ಗಳಲ್ಲಿ, ಕೂಲಿಗೆ ನಿಲ್ಲುವ ಪಾರ್ಕಿಂಗ್ ಜಾಗಗಳಲ್ಲಿ ವಲಸೆ ಅಧಿಕಾರಿಗಳು ದಾಳಿ ಮಾಡಿ ಪ್ರಜೆಗಳನ್ನೂ ತಡೆದು ಕೇಳಿದರು. ಅದೇ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಪಸೇಯಿಕ್ ಕೌಂಟಿ, ಹಿಂದಿನ ವರ್ಷ ಟ್ರಂಪ್‌ಗೆ ಒಲಿದಿದ್ದದ್ದು, ಗವರ್ನರ್ ಚುನಾವಣೆಯಲ್ಲಿ ಡೆಮಾಕ್ರಟ್ ಮಿಕಿ ಶೆರಿಲ್ ಕಡೆ ವಾಲಿತು. ತೊಂದರೆ ಯಾರದೋ ಮನೆಗೆ ಅಂದುಕೊಂಡಿದ್ದಾಗ ಒಂದು ಓಟು, ತಮ್ಮ ಮನೆ ಬಾಗಿಲಿಗೆ ಬಂದಾಗ ಇನ್ನೊಂದು.

"ನಾವು ಕಾನೂನು ಪ್ರಕಾರ ಸಾಲಿನಲ್ಲಿ ನಿಂತವರು, ಅವರ ಹಾಗಲ್ಲ" ಅನ್ನುವ ನಮ್ಮವರಿಗೆ ಒಂದು ಮಾತು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ. 7 ಅನ್ನುವ ಮಿತಿಯಿಂದ ನಮ್ಮ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅನ್ನುವುದು ನನಗೆ ಗೊತ್ತು, ಆ ಸಿಟ್ಟು ನ್ಯಾಯವೇ. ಆದರೆ 2025ರ ಜನವರಿಯಲ್ಲಿ ಹುಟ್ಟಿನಿಂದ ಬರುವ ಪೌರತ್ವ ಮೊಟಕುಗೊಳಿಸುವ ಆದೇಶ ಬಂದಾಗ ಅದರಲ್ಲಿ ಎಚ್-1ಬಿ ದಂಪತಿಯ ಮಕ್ಕಳೂ ಸೇರಿದ್ದರು. ಕೋರ್ಟುಗಳು ತಡೆದದ್ದರಿಂದ ಬಚಾವು. ಆ ವಾರ ಗರ್ಭಿಣಿಯರ ಮನೆಗಳಿಂದ ನನಗೆ ಬಂದ ಫೋನುಗಳು ಇನ್ನೂ ಕಿವಿಯಲ್ಲಿವೆ.

ಪ್ರಮಾಣವಚನ ಸ್ವೀಕರಿಸಿದ ಮೇಲೆ ಮಾತ್ರ ಓಟಿನ ಫಾರ್ಮ್ ಮುಟ್ಟಿ, ಎಷ್ಟೋ ಕಡೆ ಅಲ್ಲೇ ಕೊಡುತ್ತಾರೆ. ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ: ಟೆಕ್ಸಾಸ್‌ನಲ್ಲಿ ಚುನಾವಣೆಗೆ 30 ದಿನ ಮುಂಚೆ, ಫ್ಲಾರಿಡಾದಲ್ಲಿ 29. ಫ್ಲಾರಿಡಾದಲ್ಲಿ ಪಾರ್ಟಿಯ ಹೆಸರು ಬರೆಸದಿದ್ದರೆ ಆ ಪಾರ್ಟಿಯ ಪ್ರೈಮರಿಯಲ್ಲಿ (ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಓಟು ಇಲ್ಲ. ಟೆಕ್ಸಾಸ್‌ನಲ್ಲಿ ನೋಂದಣಿಗೆ ಪಾರ್ಟಿ ಕೇಳುವುದೇ ಇಲ್ಲ, ಯಾವುದಾದರೂ ಒಂದು ಪ್ರೈಮರಿ ಆರಿಸಿಕೊಳ್ಳಬಹುದು. ನಮ್ಮ ಪಕ್ಕದ ಮನೆಯಾಕೆಯ ಊರಿನಲ್ಲಿ ಶೆರಿಫ್, ಜಡ್ಜ್ ಆಯ್ಕೆ ಬಹಳ ಕಾಲ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಮುಗಿಯುತ್ತಿತ್ತು. ಹಾಗಾಗಿ ಮಾರ್ಚ್‌ನಲ್ಲಿ ಆ ಪ್ರೈಮರಿಯಲ್ಲಿ ಓಟು ಹಾಕಿ ನವೆಂಬರ್‌ನಲ್ಲಿ ಟ್ರಂಪ್‌ಗೆ ಹಾಕಿದವರು ಅವರ ಮನೆಯಲ್ಲೇ ಇದ್ದಾರೆ.