ಬಿಲ್ಲೆ ಮರೆತ ರಾತ್ರಿ

ಅಮೆರಿಕದ ಜಾರ್ಜಿಯ ರಾಜ್ಯದ ಪೈನ್ ತೋಪುಗಳ ನಡುವೆ ನಮ್ಮ ಜಿಂಕೆ ಬೇಟೆ ಕ್ಲಬ್ಬಿಗೆ ಗುತ್ತಿಗೆಯ ಜಾಗವಿದೆ. ಗೇಟು ದಾಟಿದರೆ ತಗಡಿನ ಸೂರಿನಡಿ ಒಂದು ಪ್ಲೈವುಡ್ ಹಲಗೆ. ಅದರ ಮೇಲೆ ಕಾಡಿನ ನಕ್ಷೆ, ಬೇಟೆಗಾರ ಮರದ ಮೇಲೆ ಕಾದು ಕೂರುವ ಪ್ರತಿ ಅಟ್ಟಣೆಗೂ ಒಂದೊಂದು ಮೊಳೆ. ಕಾಡಿಗೆ ಹೋಗುವಾಗ ನಮ್ಮ ಹೆಸರಿನ ಬಿಲ್ಲೆಯನ್ನು ಅಲ್ಲಿ ನೇತುಹಾಕಬೇಕು, ಮರಳಿದಾಗ ತೆಗೆಯಬೇಕು. ಬೇರೆಯವರ ಬಿಲ್ಲೆ ಇದ್ದ ಕಡೆ ಸುಳಿಯುವಂತಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದಂತೆ ಎಂದು ಮೊದಲ ವರ್ಷ ನಾನು ಅಂದುಕೊಂಡಿದ್ದೆ.

ಆ ನವೆಂಬರಿನ ಒಂದು ಸಂಜೆ ಮಳೆ ಹಿಡಿಯಿತು. ಬೇಗನೆ ಇಳಿದು, ಬಿಲ್ಲೆ ಮರೆತು, ಅಟ್ಲಾಂಟಕ್ಕೆ ಹೊರಟುಬಿಟ್ಟೆ. ಮೊಬೈಲ್ ಸೈಲೆಂಟ್‌ನಲ್ಲಿತ್ತು. ರಾತ್ರಿ ಒಂಬತ್ತೂವರೆಗೆ ನೋಡಿದರೆ ಹನ್ನೊಂದು ಕರೆಗಳು. ನಾಲ್ವರು ಟಾರ್ಚ್ ಹಿಡಿದು ನನ್ನ ಅಟ್ಟಣೆಯ ಕೆಳಗೆ ತಡಕಾಡುತ್ತಿದ್ದರು. ಮರದ ಮೇಲೆ ಕೂರುವವರಿಗೆ ಗುಂಡಿಗಿಂತ ಬೀಳುವ ಭಯವೇ ದೊಡ್ಡದು. ಸೊಂಟದ ಮೇಲೆ 500 ಚದರ ಅಂಗುಲವಾದರೂ ಹೊಳೆಯುವ ಕಿತ್ತಳೆ ಬಟ್ಟೆ ಇರಬೇಕೆಂಬುದು ಇಲ್ಲಿನ ಕಾನೂನು. ಆ ಬಣ್ಣವನ್ನೇ ಪೊದೆಗಳಲ್ಲಿ ಹುಡುಕಿದ್ದರಂತೆ.

“ನನ್ನ ಕಾರು ಇರಲಿಲ್ಲವಲ್ಲ?” ಎಂದೆ ಮೆಲ್ಲಗೆ.

“ಬಿಲ್ಲೆ ಇತ್ತು,” ಎಂದರು ಹಿರಿಯರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುವಾರ ಕೋಳಿ ಪುಳಿಮುಂಚಿ ಮಾಡಿಕೊಂಡು ಹೋದೆ, ಪಾತ್ರೆಗಳನ್ನೂ ನಾನೇ ತೊಳೆದೆ. ಹುಣಸೆಯ ಹುಳಿಗೆ ಒಬ್ಬಿಬ್ಬರು ಮುಖ ಹಿಂಡಿದರೂ ಪಾತ್ರೆಯ ತಳ ಕಾಣಿಸಿತು.

ಎರಡನೇ ವರ್ಷ ಮುಸ್ಸಂಜೆಯಲ್ಲಿ ನಾನು ಹೊಡೆದ ಹೆಣ್ಣು ಜಿಂಕೆ ಗಾಯಗೊಂಡು ಓಡಿತು. ಕೂಡಲೇ ಬೆನ್ನಟ್ಟಿದರೆ ಅದು ಇನ್ನಷ್ಟು ದೂರ ಹೋಗುತ್ತದೆ. ಅರ್ಧ ಗಂಟೆ ಕಾದೆವು. ಅಷ್ಟರಲ್ಲಿ ಮೂವರು ತಮ್ಮ ಅಟ್ಟಣೆ ಬಿಟ್ಟು ಬಂದಿದ್ದರು. ನೆತ್ತರಿನ ಹನಿ ಕಂಡಲ್ಲೆಲ್ಲ ಟಾಯ್ಲೆಟ್ ಪೇಪರಿನ ಚೂರು ಇಡುತ್ತ, ಹನಿ ತಪ್ಪಿದಾಗ ಹಿಂತಿರುಗಿ ಆ ಬಿಳಿ ಚೂರುಗಳು ಸಾಗಿದ ದಿಕ್ಕು ನೋಡುತ್ತ, ಹಳ್ಳದ ದಂಡೆಯವರೆಗೆ ಹೋದೆವು. ಅಲ್ಲಿ ಬಿದ್ದಿತ್ತು. ಎಳೆದು ತರುವಾಗ ನನಗಿಂತ ಹೆಚ್ಚು ಬೆವರಿದವರು ಎಪ್ಪತ್ತು ದಾಟಿದ ಹಿರಿಯರು. ಆ ಸಂಜೆ ಅವರಿಗೆ ಒಂದು ಗಂಡು ಜಿಂಕೆ ಕಾಣಿಸಿಕೊಂಡಿತ್ತು ಎಂಬುದು ನನಗೆ ಇನ್ನೊಬ್ಬರಿಂದ ತಿಳಿಯಿತು.

ಒಂದು ಋತುವಿಗೆ 12 ಜಿಂಕೆ, ಅವುಗಳಲ್ಲಿ ಕೊಂಬಿನವು ಎರಡೇ ಎಂಬುದು ಸರ್ಕಾರದ ಮಿತಿ. 24 ಗಂಟೆಯೊಳಗೆ ವರದಿ ಮಾಡಬೇಕು. ನಮ್ಮಲ್ಲಿ ನಾಲ್ಕನೆಯದನ್ನು ಹೊಡೆದವನನ್ನು ಓರೆಗಣ್ಣಿನಿಂದ ನೋಡುತ್ತಾರೆ. ಇದನ್ನೆಲ್ಲ ಊರಿಗೆ ಫೋನ್ ಮಾಡಿ ಹೇಳಿದರೆ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಪೊಲೀಸರು ಹಿಡಿಯುವುದಿಲ್ಲವೇ?” 1972ರ ವನ್ಯಜೀವಿ ಕಾಯ್ದೆಯ ನಾಡಿನವರು, ಪಾಪ.

ಗುರಿ ತಪ್ಪಿದವನ ಅಂಗಿಯ ಅಂಚನ್ನು ಕತ್ತರಿಸಿ ಗೋಡೆಗೆ ಹೊಡೆಯುವುದು ಇಲ್ಲಿನ ರೂಢಿ. ದೀಪಾವಳಿಗೆ ಅತ್ತೆ ಕೊಟ್ಟ ಶರ್ಟಿನ ಅಂಗೈಯಗಲದ ತುಂಡು ಕಾಫಿ ಮೇಜಿನ ಮೇಲ್ಗಡೆ ಇದೆ. ಅತ್ತೆಗೆ ಇನ್ನೂ ಹೇಳಿಲ್ಲ.

ಈಗ ಬಿಲ್ಲೆಯ ಜೊತೆಗೆ ಕಾರಿನ ಕೀಲಿಯನ್ನೂ ಅದೇ ಮೊಳೆಗೆ ಹಾಕಿ ಕಾಡಿಗೆ ನಡೆಯುತ್ತೇನೆ. ಮೊದಮೊದಲು ನಕ್ಕಿದ್ದರು. ಕಳೆದ ತಿಂಗಳು ನೋಡಿದರೆ ಇನ್ನೂ ಎರಡು ಮೊಳೆಗಳಲ್ಲಿ ಕೀಲಿಗಳು ನೇತಾಡುತ್ತಿದ್ದವು.